ಚಂದ್ರಂಪಳ್ಳಿಗೆ ಹೋಗಿ ಬಂದೆವು



ನಾವು ಶರಣಸಿರಸಗಿಯವರು. ನಮ್ಮೂರು ಕಲಬುರಗಿ ನಗರದ ಮಗ್ಗುಲಲ್ಲೇ ಇದೆ. ಸಂತೆಗೆ, ದವಾಖಾನೆಗೆ ನಾವು ಕಲಬುರಗಿಗೆ ಹೋಗುತ್ತೇವೆ. ಶರಣಬಸವೇಶ್ವರರ ಜಾತ್ರೆಗೆ ಹೋಗುತ್ತೇವೆ. ಬಂದೇನವಾಜರ ಉರುಸಿಗೆ ಹೋಗುತ್ತೇವೆ. ತವರಿಗೆ ಹೋಗುತ್ತೇವೆ. ಮದುವೆಗೆ, ಮಣ್ಣಿಗೆ ಹೋಗುತ್ತೇವೆ. ಆದರೆ ಬರೀ ನೋಡಲಿಕ್ಕೆ ಅಂತ ಎಲ್ಲಿಗಾದರೂ ಹೋಗಿದ್ದೇವೆಯೇ?

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ರಾತ್ರಿ ಈ ಮಾತು ಬಂತು. ಒಬ್ಬ ತಂಗಿ ಅಂದಳು, "ಚಂದ್ರಂಪಳ್ಳಿ ಡ್ಯಾಮ್ ನಮ್ಮ ಜಿಲ್ಲಾದಾಗೇ ಅದ ಅಂತ. ನಮ್ಮ ಮನಿಯವ್ರು ಎರಡು ಸಲ ನೋಡಿ ಬಂದಾರ. ನಾ ಫೋನಿನಾಗ ಫೋಟೋ ನೋಡೀನಿ."

ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಯಾಕಂದರೆ ಎಲ್ಲರದೂ ಅದೇ ಕತೆ.

ಹೊರಗೆ ಹೋಗಿ ಕೂತು ಉಣ್ಣೋದು ನಮಗೆ ಹೊಸದಲ್ಲ. ಎಳ್ಳಮಾವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋಗುತ್ತೇವೆ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೋಗುತ್ತೇವೆ. ಚರಗ ಚೆಲ್ಲುತ್ತೇವೆ. ಆದರೆ ಆ ದಿನ ನಸುಕಿನಲ್ಲೇ ಎದ್ದು ಅಡಿಗೆ ಮಾಡುವವರು ನಾವು, ಹೊತ್ತು ಒಯ್ಯುವವರು ನಾವು, ಬಡಿಸುವವರು ನಾವು. ಬಂಧು-ಬಳಗ ಉಂಡು ಮಲಗಿದ ಮೇಲೆ ಪಾತ್ರೆ ತಿಕ್ಕುವವರೂ ನಾವೇ. ನಮಗಾಗಿ ಒಂದು ದಿನ ಬೇಕು ಅಂತ ಅಂದು ಮಾತಾಯಿತು.

ರೊಕ್ಕದ ಲೆಕ್ಕ

ಮೊದಲು ಬಸ್ಸಿನ ಮಾತು ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ಟಿಗೆ ರೊಕ್ಕ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಸಾಕು. ಕಮಲಾಪುರಕ್ಕೆ, ಚಿಂಚೋಳಿಗೆ ಹೀಗೇ ಹೋಗಬಹುದು. ಇಬ್ಬರು ಮೂವರು ಹೋಗುವುದಿದ್ದರೆ ಬಸ್ಸೇ ಛಲೋ. ಆದರೆ ನಾವು ಹನ್ನೆರಡು ಮಂದಿ. ದಾರಿಯಲ್ಲಿ ಮೂರು ನಾಲ್ಕು ಕಡೆ ಇಳಿಯಬೇಕು. ಮನಸ್ಸು ಬಂದಲ್ಲಿ ನಿಲ್ಲಬೇಕು. ಕತ್ತಲಾಗುವ ಹೊತ್ತಿಗೆ ಊರು ಮುಟ್ಟಬೇಕು. ಅದಕ್ಕೆ ಒಂದು ಕ್ರೂಸರ್ ಬಾಡಿಗೆಗೆ ಮಾಡೋಣ ಅಂತ ಆಯಿತು.

ವಾಹನದ ಮಾಲಕರು ಒಂದು ಕಿಲೋಮೀಟರಿಗೆ 18 ರೂಪಾಯಿ ಹೇಳಿದರು. ಡ್ರೈವರನ ಭತ್ತೆ 360 ರೂಪಾಯಿ. (ಬಾಡಿಗೆ ಊರಿಂದ ಊರಿಗೆ ಬೇರೆ ಇರುತ್ತದೆ. ಡೀಸೆಲ್ ದರ ಏರಿದರೆ ಅದೂ ಏರುತ್ತದೆ. ನೀವು ಹೋಗುವಾಗ ನಿಮ್ಮಲ್ಲಿಯ ದರ ಕೇಳಿರಿ.) ಹೋಗಿ ಬರುವ ದಾರಿ ಸುಮಾರು 240 ಕಿಲೋಮೀಟರ್ ಅಂತ ಅಂದಾಜು ಮಾಡಿದೆವು.

240ಕ್ಕೆ 18ರಿಂದ ಗುಣಿಸಿದರೆ 4,320 ರೂಪಾಯಿ.
ಭತ್ತೆ 360 ಕೂಡಿಸಿದರೆ 4,680 ರೂಪಾಯಿ.
ಹನ್ನೆರಡು ಮಂದಿಗೆ ಹಂಚಿದರೆ ತಲೆಗೆ 390 ರೂಪಾಯಿ.

ಒಮ್ಮೆಗೇ 390 ರೂಪಾಯಿ ಎಲ್ಲಿಂದ ತರಬೇಕು? ಕೂಲಿಗೆ ಹೋಗುವ ಅಕ್ಕಂದಿರಿಗೆ ಆ ದಿನದ ಕೂಲಿಯೂ ಹೋಗುತ್ತದೆ. ಅದಕ್ಕೆ ವಾರಕ್ಕೆ 10 ರೂಪಾಯಿ ಕೂಡಿಡುವುದು ಅಂತ ಮಾಡಿದೆವು. ಸಂಕ್ರಾಂತಿ ಮುಗಿದ ವಾರ ಸುರು ಮಾಡಿದೆವು. 39 ವಾರ ಆಯಿತು. ದಸರಾ ಬಂತು. ಕಳೆ ಕೆಲಸ ಮುಗಿದಿತ್ತು. ತೊಗರಿ ರಾಶಿಗೆ ಇನ್ನೂ ದಿನ ಇದ್ದವು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತುಸು ಬಿಡುವು ಸಿಗುವುದು ಇದೇ ಹೊತ್ತಿಗೆ. ಮಳೆಗಾಲ ಮುಗಿದು ಕೆರೆ, ಹಳ್ಳ ತುಂಬಿರುವುದೂ ಇದೇ ಹೊತ್ತಿಗೆ.

ಮನೆಯಲ್ಲಿ ಒಪ್ಪಿಸುವುದು ರೊಕ್ಕ ಕೂಡಿಡುವುದಕ್ಕಿಂತ ಕಠಿಣ ಇತ್ತು. "ಬರೇ ಹೆಣ್ಮಕ್ಕಳೇ ಹೋಗ್ತೀರೇನು?" "ನೀರು ನೋಡಾಕ ಅಷ್ಟು ದೂರ ಯಾಕ?" "ಸಂಜಿ ರೊಟ್ಟಿ ಯಾರು ಬಡಿತಾರ?" ಇವೇ ಮೂರು ಪ್ರಶ್ನೆ ಎಲ್ಲ ಮನೆಯಲ್ಲೂ. ಒಬ್ಬ ತಂಗಿಯ ಅತ್ತೆ ಕೊನೆಯ ದಿನದ ತನಕ ಹೂಂ ಅನ್ನಲಿಲ್ಲ. ಕೊನೆಗೆ ಅವರನ್ನೂ ಕರೆದೆವು. ಹನ್ನೆರಡನೆಯವರು ಅವರೇ!

ಕಾಗದದ ಮೇಲೆ ಬರೆದೆವು

ಹೊರಡುವ ಮುಂಚೆ ಮಾಲಕರ ಜೊತೆ ಕೂತು ಒಂದು ಕಾಗದ ಬರೆದೆವು. ಹೋಗುವ ದಿನ, ಹೊರಡುವ ಹೊತ್ತು ಬರೆದೆವು. ಯಾವ ಯಾವ ಊರು ಅಂತ ಒಂದೊಂದಾಗಿ ಬರೆದೆವು. ಕಿಲೋಮೀಟರಿನ ದರ, ಭತ್ತೆ, ಮುಂಗಡ ಕೊಟ್ಟ 1,000 ರೂಪಾಯಿ ಬರೆದೆವು. ಡೀಸೆಲ್ ಮಾಲಕರದು, ಡ್ರೈವರನ ಊಟ ನಮ್ಮದು ಅಂತಲೂ ಬರೆದೆವು. ಕೆಳಗೆ ಅವರ ಸಹಿ, ನಮ್ಮ ಹಿರಿಯಕ್ಕನ ಸಹಿ. ಹಿರಿಯಕ್ಕನಿಗೆ ಅರವತ್ತು ದಾಟಿದೆ. ಹೋದ ವರ್ಷದ ತನಕ ಹೆಬ್ಬಟ್ಟು ಒತ್ತುತ್ತಿದ್ದರು. ಕಾಗದವನ್ನು ಅವರೇ ಮಡಚಿ ಎಲೆ-ಅಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಮಾಲಕರು ನಕ್ಕರು. "ಏನ್ರಿ ಅಕ್ಕಾರೆ, ನಂಬಿಕಿ ಇಲ್ಲೇನು?" ಅಂದರು. ನಂಬಿಕೆ ಇದೆ. ನೆನಪು ಮಾತ್ರ ಇಬ್ಬರಿಗೂ ಒಂದೇ ತೆರನಾಗಿ ಇರೋದಿಲ್ಲ.

ನಸುಕಿನಲ್ಲಿ ಗಾಡಿ ಬಂತು. ಹತ್ತುವ ಮೊದಲು ಮೀಟರ್ ಓದಿದೆವು. 48,310 ಇತ್ತು. ಒಬ್ಬ ತಂಗಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಕರಿ ಮಣ್ಣು, ಕೆಂಪು ಮಣ್ಣು

ಕಲಬುರಗಿ ದಾಟಿ ಹುಮನಾಬಾದ್ ರಸ್ತೆ ಹಿಡಿದೆವು. ಎರಡೂ ಕಡೆ ತೊಗರಿ ಹೊಲ. ನಮ್ಮ ಜಿಲ್ಲೆಗೆ ತೊಗರಿಯ ಕಣಜ ಅಂತ ಹೆಸರು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅಂದರೆ ಬೇರೆ ಕಡೆಯ ಬೇಳೆಗೆ ಈ ಹೆಸರು ಹಚ್ಚಿ ಮಾರುವಂತಿಲ್ಲ. ಇದೇ ತೊಗರಿಯಲ್ಲಿ ನಾವು ಸೊಂಟ ಬಗ್ಗಿಸಿ ಕಳೆ ತೆಗೆಯುತ್ತೇವೆ. ಆದರೆ ಗಾಡಿಯಲ್ಲಿ ಕೂತು ನೋಡಿದಾಗ ಅದು ಬೇರೆಯೇ ಕಂಡಿತು. ಕಣ್ಣು ಹರಿಯುವ ತನಕ ಹಸಿರು. "ನಾವು ಯಾವತ್ತೂ ಸಾಲು ನೋಡೀವಿ, ಹೊಲ ನೋಡಿಲ್ಲ" ಅಂದರು ಒಬ್ಬ ಅಕ್ಕ.

ದಾರಿಯ ಕಲ್ಲುಗಳನ್ನು ಎಲ್ಲರೂ ಓದುತ್ತಾ ಬಂದೆವು. ಯಾರು ಮೊದಲು ಓದುತ್ತಾರೆ ಅಂತ ಪೈಪೋಟಿ. ಮಹಾಗಾಂವ ಓದಿದೆವು. ಕುರಿಕೋಟಾ ಓದಿದೆವು. ಕುರಿಕೋಟಾದಲ್ಲಿ ದೊಡ್ಡ ಸೇತುವೆ ಇದೆ. ಕೆಳಗೆ ಬೆಣ್ಣೆತೊರಾ ನದಿ. ಎಂಥ ಛಂದ ಹೆಸರು ನೋಡಿ! ಈ ನೀರು ಮುಂದೆ ಕಾಗಿಣಾ ನದಿಗೆ ಸೇರುತ್ತದೆ. ಕಾಗಿಣಾ ಭೀಮೆಗೆ ಸೇರುತ್ತದೆ. ಭೀಮೆ ಕೃಷ್ಣೆಗೆ ಸೇರುತ್ತದೆ. ಕಲಬುರಗಿ ನಗರದ ನಳಕ್ಕೆ ಬರುವ ನೀರು ಭೀಮೆಯದು ಮತ್ತು ಬೆಣ್ಣೆತೊರೆಯದು.

ಕಮಲಾಪುರ ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್. ಈಗ ಅದು ತಾಲೂಕು. ಅಲ್ಲಿ ರಸ್ತೆ ಬದಿಗೆ ಕೆಂಪು ಬಾಳೆಹಣ್ಣು ಮಾರಲು ಇಟ್ಟಿರುತ್ತಾರೆ. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ. ಇದಕ್ಕೂ ಭೌಗೋಳಿಕ ಸೂಚಕ ಇದೆ. ನಮಗೆ ಹಣ್ಣು ತಿಂದರೆ ಸಾಕಾಗಲಿಲ್ಲ, ಗಿಡ ನೋಡಬೇಕು ಅನ್ನಿಸಿತು. ಮಾರುವವರನ್ನು ಕೇಳಿದೆವು. ಮೂರು ಕಿಲೋಮೀಟರ್ ಒಳಗೆ ಒಂದು ತೋಟ ಇದೆ ಅಂದರು. ಹೋದೆವು.

ತೋಟದವರು ಒಳ್ಳೆಯವರು. ಎಲ್ಲ ತೋರಿಸಿದರು. ಸಾದಾ ಬಾಳೆ ವರ್ಷದ ಹತ್ತಿರ ಗೊನೆ ಕೊಡುತ್ತದೆ. ಕೆಂಪು ಬಾಳೆಗೆ ಒಂದೂವರೆ ವರ್ಷದ ಹತ್ತಿರ ಬೇಕು. ಅಷ್ಟು ದಿನ ನೀರು ಕೊಡಬೇಕು, ಗಾಳಿಗೆ ಬೀಳದಂತೆ ನೋಡಬೇಕು. ಅದಕ್ಕೇ ಹಣ್ಣು ತುಟ್ಟಿ. "ತುಟ್ಟಿ ಯಾಕಂತ ಅಂಗಡ್ಯಾಗ ಜಗಳ ಆಡ್ತಿದ್ದೆ. ಈಗ ಬಾಯಿ ಮುಚ್ಚಿತು ನೋಡ್ರಿ" ಅಂದರು ಆ ಅತ್ತೆಯವರು. ಆದರೂ ಹಣ್ಣು ಕೊಳ್ಳುವಾಗ ಚೌಕಾಶಿ ಬಿಡಲಿಲ್ಲ.

ಮುಂದೆ ಚಿಂಚೋಳಿ ಕಡೆ ಹೋಗುವಾಗ ಮಣ್ಣಿನ ಬಣ್ಣ ಬದಲಾಯಿತು. ನಮ್ಮ ಕಡೆ ಎರೆ ಭೂಮಿ, ಕರಿ ಮಣ್ಣು. ಅಲ್ಲಿ ಅಲ್ಲಲ್ಲಿ ಕೆಂಪು ಮಣ್ಣು, ತೂತು ತೂತಿನ ಕೆಂಪು ಕಲ್ಲು. ಜಂಬಿಟ್ಟಿಗೆ ಕಲ್ಲು ಅಂದರೆ ಇದೇ. ಇದರಲ್ಲಿ ಒಂದು ಸೋಜಿಗ ಇದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಒಳಗಿನಿಂದ ಕುದಿಯುವ ಕಲ್ಲಿನ ರಸ ಉಕ್ಕಿ ಬಂತು. ಅದು ಹರಡಿ, ತಣಿದು, ಕರಿ ಬಂಡೆ ಆಯಿತು. ಆ ಬಂಡೆ ಸವೆದು ನಮ್ಮ ಎರೆ ಮಣ್ಣು ಆಯಿತು. ಎತ್ತರದ ಕೆಲವು ಕಡೆ ಅದೇ ಬಂಡೆ ಸಾವಿರಾರು ಸಾವಿರ ವರ್ಷ ಮಳೆಗೆ ತೊಯ್ದು, ಬಿಸಿಲಿಗೆ ಒಣಗಿ, ಉಳಿದೆಲ್ಲ ತೊಳೆದುಹೋಗಿ, ಕಬ್ಬಿಣದ ಅಂಶ ಉಳಿಯಿತು. ರೊಟ್ಟಿ ಹಂಚನ್ನು ಮಳೆಯಲ್ಲಿ ಬಿಟ್ಟರೆ ಏನಾಗುತ್ತದೆ? ಕೆಂಪು ತುಕ್ಕು ಹಿಡಿಯುತ್ತದೆ. ಈ ಕಲ್ಲಿನ ಕೆಂಪೂ ಅದೇ. ಕರಿದೂ ಕೆಂಪೂ ಒಂದೇ ತಾಯಿಯ ಮಕ್ಕಳು.

ಚಿಂಚೋಳಿ ಬಸ್ ನಿಲ್ದಾಣದ ಹತ್ತಿರ

ಇಲ್ಲಿ ಎರಡು ಮಾತು ಹೇಳಬೇಕು.

ಮೊದಲನೆಯದು ನಾಚಿಕೆಯ ಮಾತು ಅಂತ ಬಿಡಬಾರದು. ದಾರಿಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯದ್ದೇ ದೊಡ್ಡ ಚಿಂತೆ. ಅದಕ್ಕೆ ಹೆದರಿ ನಾವು ನೀರೇ ಕುಡಿಯೋದಿಲ್ಲ. ಬಿಸಿಲಲ್ಲಿ ನೀರು ಕುಡಿಯದಿದ್ದರೆ ತಲೆನೋವು ಬರುತ್ತದೆ, ಉರಿಮೂತ್ರ ಆಗುತ್ತದೆ. ನಾವು ಮೊದಲೇ ಯೋಚಿಸಿ ಇಟ್ಟಿದ್ದೆವು. ಬಸ್ ನಿಲ್ದಾಣ ಬಂದಲ್ಲಿ ಗಾಡಿ ನಿಲ್ಲಿಸಬೇಕು. ಪೆಟ್ರೋಲ್ ಬಂಕಿನಲ್ಲೂ ಕೇಳಬೇಕು. "ಮಹಿಳೆಯರು" ಅಂತ ಬರೆದ ಬಾಗಿಲು ಓದಿ ಒಳಗೆ ಹೋಗಬೇಕು. ಯಾರನ್ನೂ ಕೇಳುವ ಕೆಲಸ ಇಲ್ಲ.

ಎರಡನೆಯದು. ಅಲ್ಲಿ ಡ್ರೈವರ್ ಗಾಡಿ ಬಂದ್ ಮಾಡಿ ಕೂತ. "ನನಗ ಚಿಂಚೋಳಿ ತನಕ ಅಂತ ಹೇಳ್ಯಾರ್ರಿ. ಚಂದ್ರಂಪಳ್ಳಿ ಒಳಗ ಅದ. ಹೋಗಬೇಕಂದ್ರ ಮತ್ತ ಐನೂರು ಕೊಡ್ರಿ" ಅಂದ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಐನೂರು ಎಲ್ಲಿಂದ ತರಬೇಕು? ವಾಪಸ್ ಹೋಗೋಣ ಅಂತ ಇಬ್ಬರು ಅಂದೇಬಿಟ್ಟರು. ಆಗ ಹಿರಿಯಕ್ಕ ಎಲೆ-ಅಡಿಕೆ ಚೀಲ ಬಿಚ್ಚಿದರು. ಕಾಗದ ತೆಗೆದರು. ಕನ್ನಡಕ ಹಾಕಿಕೊಂಡರು. ಬೆರಳು ಇಟ್ಟು ಓದಿದರು. "ಕ-ಮ-ಲಾ-ಪು-ರ. ಚಿಂ-ಚೋ-ಳಿ." ಮುಂದಿನ ಶಬ್ದದ ಹತ್ತಿರ ತಡೆದರು. ಎರಡು ಒತ್ತಕ್ಷರ ಇದ್ದವು. ಬಸ್ಸಿನ ಸದ್ದು, ಮಂದಿಯ ಸದ್ದು. ನಮಗೆ ಓದಿ ಕೊಡುವ ಮನಸ್ಸಾಯಿತು. ಸುಮ್ಮನಿದ್ದೆವು. "ಚಂ-ದ್ರಂ-ಪ-ಳ್ಳಿ" ಅಂತ ಓದಿದರು. ಮತ್ತೊಮ್ಮೆ ಕೂಡಿಸಿ ಓದಿದರು. "ಚಂದ್ರಂಪಳ್ಳಿ. ಬರದದಪ್ಪ ಇಲ್ಲಿ. ಕೆಳಗ ನಿನ್ನ ಮಾಲಕರ ಸಹಿ ಅದ, ನೋಡು."

ಡ್ರೈವರ್ ಕಾಗದ ನೋಡಿದ. ಮಾಲಕರಿಗೆ ಫೋನ್ ಹಚ್ಚಿದ. ಮಾಲಕರು ಹೌದು ಅಂದರು. ಗಾಡಿ ಸುರು ಆಯಿತು. ಡ್ರೈವರನದೂ ಪೂರ್ತಿ ತಪ್ಪು ಅನ್ನಲಾಗದು, ಅವನಿಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಹುಡುಗ ಮುಂದೆ ದಾರಿಯುದ್ದ ಹಿರಿಯಕ್ಕನಿಗೆ "ದೊಡ್ಡವ್ವ" ಅಂತಲೇ ಮಾತಾಡಿದ.

ನೀರು, ಕಾಡು, ಬುತ್ತಿ

ಚಂದ್ರಂಪಳ್ಳಿ ಆಣೆಕಟ್ಟು ದೊಡ್ಡದಲ್ಲ. ಸರನಾಲಾ ಅನ್ನುವ ಹೊಳೆಗೆ ಅಡ್ಡ ಕಟ್ಟಿದ್ದಾರೆ. ಈ ಹೊಳೆ ಮುಲ್ಲಾಮಾರಿ ನದಿಗೆ ಸೇರುತ್ತದೆ. ಆದರೆ ಮೂರು ಕಡೆ ಹಸಿರು ಗುಡ್ಡ, ನಡುವೆ ನಿಂತ ನೀರು. ನಾವು ಇಳಿದು ಸುಮ್ಮನೆ ನಿಂತೆವು. ಬಿಸಿಲ ನಾಡು ಅಂತ ಎಲ್ಲರೂ ನಮ್ಮ ಜಿಲ್ಲೆಗೆ ಹೆಸರಿಡುತ್ತಾರೆ. ಇಂಥ ಜಾಗವೂ ನಮ್ಮ ಜಿಲ್ಲೆಯಲ್ಲೇ ಇದೆ. ಫೋಟೋದಲ್ಲಿ ನೋಡಿದ್ದ ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಫೋಟೋದಾಗ ಗಾಳಿ ಇರಲಿಲ್ಲ" ಅಂದಳು.

ಸುತ್ತಲಿನದು ಚಿಂಚೋಳಿ ವನ್ಯಜೀವಿ ಧಾಮ. 2011ರಲ್ಲಿ ಸರಕಾರ ಘೋಷಿಸಿತು. ಸುಮಾರು 135 ಚದರ ಕಿಲೋಮೀಟರ್ ಇದೆ. ಮಳೆ ಕಡಿಮೆ ಇರುವ ಒಣ ನಾಡಿನ ಕಾಡು ಇದು. ಚಿಗರಿ, ತೋಳ, ನರಿ, ಕತ್ತೆಕಿರುಬ ಇಲ್ಲಿ ಇರುತ್ತವೆ. ರಕ್ತಚಂದನ, ಶ್ರೀಗಂಧದ ಮರಗಳಿವೆ. ಕಾಡಿನ ಸುತ್ತ ಲಂಬಾಣಿ ತಾಂಡಾಗಳಿವೆ. ಕಾಡಿನ ಒಳಗೆ ಹೋಗುವವರು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು. ನಮಗೆ ಒಂದು ಚಿಗರಿಯೂ ಕಾಣಲಿಲ್ಲ, ಕೋತಿ ಮಾತ್ರ ಬೇಕಾದಷ್ಟು.

ಒಬ್ಬಿಬ್ಬರು ನೀರಿಗೆ ಇಳಿಯಲು ಹೊರಟರು. ಬೇಡ ಅಂದೆವು. ಆಣೆಕಟ್ಟಿನ ನೀರು ಮೇಲೆ ನಿಂತಂತೆ ಕಾಣುತ್ತದೆ. ದಂಡೆಯಿಂದ ಎರಡು ಹೆಜ್ಜೆಗೇ ಆಳ ಇರಬಹುದು. ಕಲ್ಲಿನ ಮೇಲೆ ಪಾಚಿ ಇರುತ್ತದೆ. ಸೀರೆ ತೊಯ್ದರೆ ಭಾರ ಆಗಿ ಎಳೆಯುತ್ತದೆ. ಈಜು ಬಲ್ಲವರು ನಮ್ಮಲ್ಲಿ ಒಬ್ಬರೂ ಇಲ್ಲ. ಮುಖ ತೊಳೆಯಲು ಕೊಡದ ನೀರು ಗಾಡಿಯಲ್ಲಿತ್ತು.

ಮರದ ನೆರಳಿಗೆ ಚಾದರ ಹಾಸಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಎಣ್ಣೆಗಾಯಿ ಬದನೆಕಾಯಿ. ಪುಂಡಿಪಲ್ಯ. ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಮೊಸರು. ದೂರದ ದಾರಿಗೆ ನಮ್ಮ ಖಡಕ್ ರೊಟ್ಟಿಯಂಥ ಊಟ ಇಲ್ಲ. ಅದರಲ್ಲಿ ತೇವ ಇರೋದಿಲ್ಲ, ಅದಕ್ಕೇ ದಿನಗಟ್ಟಲೆ ಕೆಡೋದಿಲ್ಲ. ಹಿಂಡಿಯೂ ಹಾಗೇ. ಎಣ್ಣೆಗಾಯಿ ಮತ್ತು ಪಲ್ಯ ಮಾತ್ರ ಮಧ್ಯಾಹ್ನಕ್ಕೇ ಮುಗಿಸಬೇಕು. ಸಂಜೆಯ ತನಕ ಡಬ್ಬಿಯಲ್ಲಿ ಇಟ್ಟರೆ ಹಳಸುತ್ತದೆ.

ಮೊದಲು ಎಲ್ಲರೂ ಅವರವರ ಡಬ್ಬಿ ಹಿಡಿದು ಕೂತರು. ಊರಲ್ಲಿ ನಾವು ಬೇರೆ ಬೇರೆ ಓಣಿಯವರು. ಒಬ್ಬರ ಮನೆಯ ರೊಟ್ಟಿ ಇನ್ನೊಬ್ಬರು ಮುಟ್ಟುವುದು ಎಲ್ಲ ಕಡೆ ನಡೆಯೋದಿಲ್ಲ. ಒಬ್ಬ ಅಕ್ಕ ತುಸು ದೂರ, ಚಾದರದ ಹೊರಗೆ, ನೆಲದ ಮೇಲೆ ಕೂತಿದ್ದರು. ಯಾರೂ ಅವರಿಗೆ ಹಾಗೆ ಕೂರು ಅಂದಿರಲಿಲ್ಲ. ರೂಢಿ ಅಷ್ಟೆ. ಅವರ ಡಬ್ಬಿಯ ಪುಂಡಿಪಲ್ಯದ ವಾಸನೆ ಬಂತು. "ಯವ್ವಾ, ಬಳ್ಳೊಳ್ಳಿ ಒಗ್ಗರಣಿ ಹಾಕೀದೇನು? ಇತ್ತ ತಾ, ಇತ್ತ ಬಂದು ಕೂಡು" ಅಂದವರು ಯಾರು ಗೊತ್ತೇ? ಹೂಂ ಅನ್ನದ ಆ ಅತ್ತೆಯವರೇ. ಆ ಅಕ್ಕ ಚಾದರದ ಮೇಲೆ ಬಂದು ಕೂತರು. ಎಲ್ಲರ ಡಬ್ಬಿ ನಡುವೆ ಬಂದವು. ಡ್ರೈವರನಿಗೂ ಬಡಿಸಿದೆವು. ಪಲ್ಯ ಮೊದಲು ಖಾಲಿ ಆಯಿತು.

ಅಲ್ಲಿಂದ ಎತ್ತಿಪೋತ ಜಲಪಾತಕ್ಕೆ ಹೋಗಬೇಕು ಅಂತ ಕೆಲವರಿಗೆ ಆಸೆ ಇತ್ತು. ಮಳೆಗಾಲದಲ್ಲಿ ಅಲ್ಲಿ ನೀರು ಜೋರು. ಬೇಸಿಗೆಯಲ್ಲಿ ಬರೀ ಬಂಡೆ. ಆಗಲೇ ಮೂರು ಗಂಟೆ ಆಗಿತ್ತು. ಕೈ ಎತ್ತಿಸಿದೆವು. ಹೋಗೋಣ ಅಂದವರು ಐದು ಮಂದಿ. ಬೇಡ ಅಂದವರು ಏಳು ಮಂದಿ. ಅದು ಮುಂದಿನ ವರ್ಷಕ್ಕೆ ಉಳಿಯಿತು. ವಾರಕ್ಕೆ 10 ರೂಪಾಯಿ ಮತ್ತೆ ಸುರು ಆಗಿದೆ.

ಬರುವಾಗ ಕಲಬುರಗಿಯಲ್ಲಿ ಇಳಿದು ಸುಸಲಾ, ಮಿರ್ಚಿ ತಿಂದೆವು. ಅದಕ್ಕೆ ಅವರವರ ರೊಕ್ಕ. ಬಂಡಿಯ ಮುಂದೆ ನಿಂತು ಮಿರ್ಚಿ ತಿನ್ನೋದು ಮೂವರಿಗೆ ಹುಟ್ಟಿದಾಗಿನಿಂದ ಇದೇ ಮೊದಲು. ಮನೆಯಲ್ಲಿ ಇದ್ದವರಿಗೂ ಕಟ್ಟಿಸಿಕೊಂಡರು. ಊರು ಮುಟ್ಟಿದಾಗ ದೀಪ ಹಚ್ಚಿದ್ದರು. ಕೆಲವರ ಮನೆಯಲ್ಲಿ ಅನ್ನ ಆಗಿತ್ತು. ಕೆಲವರು ಹೋಗಿ ಒಲೆ ಹಚ್ಚಿದರು.

ಇಳಿದ ಮೇಲೆ ಮತ್ತೆ ಮೀಟರ್ ಓದಿದೆವು. 48,556 ಇತ್ತು.

ಓದಿರಿ, ಬರೆಯಿರಿ

ಗಾಡಿ ಒಟ್ಟು ಎಷ್ಟು ಕಿಲೋಮೀಟರ್ ಓಡಿತು? ನಮ್ಮ ಅಂದಾಜಿಗಿಂತ ಎಷ್ಟು ಹೆಚ್ಚು? ಅದು ಎಲ್ಲಿ ಹೆಚ್ಚಾಯಿತು ಅಂತ ಪಾಠದಲ್ಲಿ ಹುಡುಕಿರಿ. ಹೆಚ್ಚಿನ ದಾರಿಗೆ ಎಷ್ಟು ರೂಪಾಯಿ ಆಯಿತು? ತಲೆಗೆ ಎಷ್ಟು ಬಂತು? (ನಾವು ತಲೆಗೆ 9 ರೂಪಾಯಿ ಕೊಟ್ಟೆವು. ಸರಿಯೇ? ಲೆಕ್ಕ ಮಾಡಿ ನೋಡಿರಿ.)

ಈ ಶಬ್ದಗಳನ್ನು ಗಟ್ಟಿಯಾಗಿ ಓದಿರಿ: ಚಂದ್ರಂಪಳ್ಳಿ, ಬೆಣ್ಣೆತೊರಾ, ಎತ್ತಿಪೋತ, ಜಂಬಿಟ್ಟಿಗೆ, ಪುಂಡಿಪಲ್ಯ.

ನಿಮ್ಮ ಊರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಜಾಗ ಯಾವುದು? ನೀವು ಇನ್ನೂ ನೋಡದ ಜಾಗ ಇರಲಿ. ಅದರ ಹೆಸರು ಬರೆಯಿರಿ. ಯಾರ ಯಾರ ಜೊತೆ ಹೋಗುತ್ತೀರಿ, ಬುತ್ತಿಗೆ ಏನು ಕಟ್ಟುತ್ತೀರಿ, ಅದನ್ನೂ ಬರೆಯಿರಿ.